ಡಿ ಡ್ರೈವಿನ ಖಾಲಿ ಜಾಗ

ನಮ್ಮ ಮನೆಯ ಕಂಪ್ಯೂಟರಿನ ಹೊಟ್ಟೆ ತುಂಬಿದೆ. ಇದನ್ನು ನಾನು ಹೇಳುತ್ತಿಲ್ಲ, ಅದೇ ಹೇಳುತ್ತಿದೆ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಅದರ ಮುಂದೆ ಕೂತರೆ ಸಾಕು, ಪರದೆಯ ಮೂಲೆಯಲ್ಲಿ ಒಂದು ಚೀಟಿ ಮೇಲೆದ್ದು ಬಂದು 'ಸಿ ಡ್ರೈವಿನಲ್ಲಿ ಜಾಗ ಇಲ್ಲ' ಎನ್ನುತ್ತದೆ. ಮುಚ್ಚಿದರೆ ಇನ್ನೊಮ್ಮೆ ಏಳುತ್ತದೆ. ಜಾಗ ಇಲ್ಲ ಎಂಬ ಮಾತು ನನಗೇನೂ ಹೊಸದಲ್ಲ. ಮುಂಬೈಯ ಪರೇಲಿನ ಚಾಳಿನಲ್ಲಿ, ಏಳು ಜನರಿದ್ದ ಒಂದೇ ಖೋಲಿಯಲ್ಲಿ ಹುಟ್ಟಿದವನು ನಾನು. ನಾನು ಭೂಮಿಗೆ ಬಂದಾಗ ಸೂಲಗಿತ್ತಿ ಗಂಡೋ ಹೆಣ್ಣೋ ಎಂದು ಹೇಳುವುದಕ್ಕೆ ಮೊದಲು ಇದನ್ನೇ ಹೇಳಿದ್ದಳೇನೋ ಎಂದು ನನಗೆ ಅನುಮಾನವಿದೆ.

ಆದರೂ ಈ ಸಲದ 'ಇಲ್ಲ' ಸ್ವಲ್ಪ ತೊಂದರೆಯದು. ಘಾಟ್ಕೋಪರಿನ ನಮ್ಮ ಕನ್ನಡ ಸಂಘದ ಮಾಸಿಕಕ್ಕೆ ನಾನು ಆಗಾಗ ಏನಾದರೂ ಗೀಚಿ ಕಳಿಸುವವನು. ಗೀಚಿದ್ದನ್ನು ಉಳಿಸು ಎಂದು ಗುಂಡಿ ಒತ್ತಿದರೆ ಕಂಪ್ಯೂಟರು ಒಲ್ಲೆ ಎನ್ನುತ್ತದೆ. ಸಂಪಾದಕರು ಮಾಡಬೇಕಾದ ಕೆಲಸವನ್ನು ಯಂತ್ರವೇ ಮಾಡುತ್ತಿರುವುದರಿಂದ ಓದುಗರಿಗೆ ಉಪಕಾರವೇ ಆಗಿರಬಹುದು. ಬರೆದವನಿಗೆ ಹಾಗನ್ನಿಸುವುದಿಲ್ಲ ನೋಡಿ.

ಕಂಪ್ಯೂಟರಿನ ಗೊಡವೆಗೆ ಹೋಗದ ಪುಣ್ಯವಂತರಿಗಾಗಿ ಒಂದೆರಡು ಮಾತು. ಇದರೊಳಗೆ ಇರುವುದು ಒಂದೇ ಡಿಸ್ಕು. ಅಣ್ಣತಮ್ಮಂದಿರು ಪಾಲಾದಾಗ ನಡುಮನೆಗೆ ಗೋಡೆ ಎಬ್ಬಿಸುತ್ತಾರಲ್ಲ, ಹಾಗೆ ಅದಕ್ಕೊಂದು ಗೋಡೆ ಹಾಕಿ ಎರಡು ಮಾಡಿರುತ್ತಾರೆ. ಒಂದು ಸಿ, ಇನ್ನೊಂದು ಡಿ. ಸಿ ಯಲ್ಲಿ ಕಂಪ್ಯೂಟರಿನ ಯಜಮಾನಿಕೆ ಪೂರ್ತಿ ವಾಸವಾಗಿರುತ್ತದೆ. ವರ್ಷ ಕಳೆದಂತೆ ಅದು ಬೊಜ್ಜು ಬೆಳೆಸಿಕೊಳ್ಳುತ್ತದೆ, ನನ್ನ ಹಾಗೆ. ನನ್ನ ಲೇಖನಗಳು, ನಾನು ಯಾವತ್ತೂ ಓದದ ಪುಸ್ತಕಗಳು, ಯಾರೋ ಕಳಿಸಿದ ಶುಭೋದಯದ ಹೂವುಗಳು, ಎಲ್ಲವೂ ಅದರಲ್ಲೇ ಇವೆ. ಡಿ ಮಾತ್ರ ಹೆಚ್ಚುಕಡಿಮೆ ಪೂರ್ತಿ ಖಾಲಿ. ಹಾಗಾದರೆ ಎತ್ತಿ ಡಿ ಗೆ ಹಾಕಯ್ಯಾ, ಇದಕ್ಕೇನು ಪುರಾಣ ಎಂದು ನೀವು ಕೇಳುತ್ತೀರಿ. ಕೇಳಿದವರೆಲ್ಲ ಹಾಗೇ ಅಂದಿದ್ದಾರೆ.

ಆದರೆ ಡಿ ನನ್ನದಲ್ಲ. ಅದು ನನ್ನ ಹೆಂಡತಿ ವನಮಾಲಾಳದು. ಅವಳು ತೀರಿಕೊಂಡು ಎರಡು ವರ್ಷದ ಮೇಲಾಯಿತು.

ವನಮಾಲಾ ಧಾರವಾಡದ ಹುಡುಗಿ. ಅವಳ ತಂದೆ ಅಲ್ಲಿ ಮಾಸ್ತರರು. ಆ ಮನೆಯಲ್ಲಿ ಉಳಿದದ್ದೆಲ್ಲ ಇಕ್ಕಟ್ಟಾದರೂ ಪಡಸಾಲೆ ಒಂದು ದೊಡ್ಡದಿತ್ತಂತೆ. ಅದರಲ್ಲಿ ಒಂದು ಕುರ್ಚಿ ಕೂಡ ಇರಲಿಲ್ಲವಂತೆ. ಮಧ್ಯಾಹ್ನ ಆ ತಣ್ಣನೆಯ ನೆಲದ ಮೇಲೆ ಕೈಕಾಲು ಚಾಚಿ ಮಲಗಿ, ಯಾವ ಕಡೆ ಉರುಳಿದರೂ ಏನೂ ತಾಗುತ್ತಿರಲಿಲ್ಲ ಎಂದು ಅವಳು ಹೇಳುತ್ತಿದ್ದಳು. ಜನ ತವರಿನ ಹೋಳಿಗೆ ನೆನೆಯುತ್ತಾರೆ, ಬಂಗಾರ ನೆನೆಯುತ್ತಾರೆ. ಇವಳು ಏನೂ ತಾಗದಿದ್ದುದನ್ನು ನೆನೆಯುವವಳು. ಮದುವೆಯಾಗಿ ನಮ್ಮ ಪರೇಲಿನ ಖೋಲಿಗೆ ಬಂದ ಮೊದಲ ದಿನ ಬಲಕ್ಕೆ ತಿರುಗಿದರೆ ನಮ್ಮ ಅಜ್ಜಿ, ಎಡಕ್ಕೆ ತಿರುಗಿದರೆ ಹಿಟ್ಟಿನ ಡಬ್ಬ. ನನ್ನ ಕಡೆ ನೋಡಿ, "ಅಂತೂ ನಿಮ್ಮಲ್ಲೆ ನಿದ್ದಿಯಾಗ ಉಳ್ಳಿ ಬೀಳೂ ಭಯ ಇಲ್ಲ ಬಿಡ್ರಿ" ಅಂದಳು.

ಮುಂದೆ ಘಾಟ್ಕೋಪರಿಗೆ ಬಂದೆವು. ಒಂದು ಮಲಗುವ ಕೋಣೆ, ಒಂದು ಹಾಲ್, ಒಂದು ಅಡುಗೆಮನೆ. ಇದೇ ಅರಮನೆ ಎಂದುಕೊಂಡೆವು. ಗೋದ್ರೇಜ್ ಅಲಮಾರಿನಲ್ಲಿ ಮೇಲಿನದು ನಿನಗೆ, ಕೆಳಗಿನದು ನನಗೆ ಎಂದು ಪಾಲು ಮಾಡಿಕೊಂಡೆವು. ಅಷ್ಟರಲ್ಲಿ ನಮ್ಮ ಅಮ್ಮ ಬಂದರು, ಟ್ರಂಕಿನ ಸಮೇತ. ಮೇಲಿನ ಪಾಲು ಅಮ್ಮನದಾಯಿತು. ಮಗಳು ಮೇಧಾ ಹುಟ್ಟಿದಳು. ಕಿಟಕಿಯ ಪಕ್ಕದ ವನಮಾಲಾಳ ಮೇಜು ಮಗಳ ಓದಿನ ಮೇಜಾಯಿತು. ಮೈಸೂರಿನಿಂದ ನಮ್ಮ ನೆಂಟರು ಆಸ್ಪತ್ರೆಗೆಂದು, ಮುಂಬೈ ನೋಡಲೆಂದು, ಏನೂ ಇಲ್ಲದಿದ್ದರೆ ಹಾಗೇ ಸುಮ್ಮನೆಂದು ಬಂದರು. ಅವಳ ಹಾಸಿಗೆ ಅಡುಗೆಮನೆಗೆ ಹೋಯಿತು. ಹಾಗಂತ ಮುಖ ಗಂಟು ಹಾಕಿಕೊಂಡು ಜಾಗ ಬಿಟ್ಟುಕೊಡುವ ಹೆಂಗಸಲ್ಲ ಅವಳು. ಬಿಟ್ಟುಕೊಡುತ್ತಿದ್ದಳು, ಜೊತೆಗೆ ಏನಾದರೊಂದು ಅಂದೇ ಅನ್ನುತ್ತಿದ್ದಳು. ಅಂದಮೇಲೆ ಅವಳೇ ಮೊದಲು ನಗುತ್ತಿದ್ದಳು.

ಕಂಪ್ಯೂಟರು ತಂದ ದಿನ ಅಂಗಡಿಯವನು ಎಷ್ಟು ಭಾಗ ಮಾಡಲಿ ಎಂದು ಕೇಳಿದ. ನಾನು ಬಾಯಿ ತೆರೆಯುವುದರೊಳಗೆ ವನಮಾಲಾ, "ಎರಡು ಮಾಡ್ರಿ. ಒಂದು ನನಗ. ದೊಡ್ಡದು ನನಗ" ಅಂದಳು. ಅದರಲ್ಲಿ ಏನಿಡುತ್ತೀ ಎಂದು ನಾನು ಕೇಳಿದೆ. "ಏನೂ ಇಡಂಗಿಲ್ಲ. ಹಂಗ ಖಾಲಿ ಇರ್ಲಿ" ಎಂದಳು. ತಮಾಷೆ ಎಂದುಕೊಂಡೆ. ಅಂಗಡಿಯವನೂ ನಕ್ಕ. ಅವಳು ನಗಲಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಅದು ಕಾಯಿದೆಯಾಯಿತು. ಸಿ ಅಪ್ಪನದು, ಡಿ ಅಮ್ಮನದು. ಮೇಧಾ ಕಾಲೇಜಿನಲ್ಲಿದ್ದಾಗ ಕದ್ದು ಡಿ ಯಲ್ಲಿ ಸಿನಿಮಾಗಳನ್ನು ತುಂಬಿದ್ದಳು. ವನಮಾಲಾ ಕಂಡುಹಿಡಿದು ಎಲ್ಲವನ್ನೂ ನನ್ನ ಸಿ ಗೆ ಎತ್ತಿ ಹಾಕಿದಳು. ಅಲ್ಲಿಂದಲೇ ನನ್ನ ಸಿ ಗೆ ಈ ಅಜೀರ್ಣ ಶುರುವಾದದ್ದು ಎಂದು ನಾನು ಇವತ್ತಿಗೂ ವಾದಿಸುತ್ತೇನೆ.

ಅವಳಿಗೆ ಪರೇಲಿನಲ್ಲಿ ಕಚೇರಿ, ನನಗೆ ವಿಕ್ರೋಳಿಯ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸ. ಘಾಟ್ಕೋಪರ್ ಸ್ಟೇಷನ್ನಿನಲ್ಲಿ ಅವಳು ಆ ಕಡೆಯ ಪ್ಲಾಟ್‌ಫಾರಂ, ನಾನು ಈ ಕಡೆಯದು. ಸಂಜೆ ನಾನು ಮೊದಲು ಬಂದು ಚಹಾ ಇಟ್ಟಿರುತ್ತಿದ್ದೆ. ಅವಳು ಬರುತ್ತಿದ್ದಳು, ಲೋಕಲ್ಲಿನಲ್ಲಿ ಹಿಂಡಿ ತೆಗೆದ ಬಟ್ಟೆಯ ಹಾಗೆ. ಚಪ್ಪಲಿ ಬಿಟ್ಟು, ಮುಖ ತೊಳೆದು, ಚಹಾದ ಲೋಟ ಹಿಡಿದು ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು. ಡಿ ಎಂಬುದರ ಮುಂದೆ ಒಂದು ಉದ್ದನೆಯ ಪಟ್ಟಿ ಇರುತ್ತದೆ, ತುಂಬಿದಷ್ಟಕ್ಕೆ ಬಣ್ಣ, ಉಳಿದದ್ದು ಬಿಳಿ. ಅವಳದರಲ್ಲಿ ಬಣ್ಣ ಇದ್ದದ್ದು ಉಗುರಿನಷ್ಟು. ಅದನ್ನು ನೋಡುತ್ತ ನಿಧಾನವಾಗಿ ಚಹಾ ಕುಡಿಯುತ್ತಿದ್ದಳು. "ಎಷ್ಟು ಖಾಲಿ ಅದ ನೋಡ್ರಿ!" ಎನ್ನುತ್ತಿದ್ದಳು. ಸಮುದ್ರ ನೋಡಿದವರು ಕೂಡ ಅಷ್ಟು ಸಂತೋಷದಿಂದ ಹೇಳಿದ್ದನ್ನು ನಾನು ಕೇಳಿಲ್ಲ.

ನಮ್ಮ ದೇಶದವರು ಸೊನ್ನೆಯನ್ನು ಕಂಡುಹಿಡಿದರು ಎಂದು ಶಾಲೆಯಲ್ಲಿ ಎದೆಯುಬ್ಬಿಸಿ ಹೇಳಿಕೊಡುತ್ತಾರೆ. ಸೊನ್ನೆಯನ್ನು ಕಂಡುಹಿಡಿಯುವುದು ದೊಡ್ಡದಿರಬಹುದು, ಅದನ್ನು ಮುಂಬೈಯಲ್ಲಿ ಕಾಪಾಡಿಕೊಳ್ಳುವುದು ಅದಕ್ಕಿಂತ ಕಷ್ಟ. ಇಲ್ಲಿ ಖಾಲಿ ಎಂಬುದು ಕಂಡರೆ ಸಾಕು, ಯಾರಾದರೂ ಒಂದು ಸ್ಟೂಲು ತಂದು ಇಡುತ್ತಾರೆ. ಮೆಟ್ಟಿಲಿನ ಕೆಳಗೆ ಇಸ್ತ್ರಿಯವನು, ಗೋಡೆಯ ಬಿರುಕಿನಲ್ಲಿ ಪಾನ್ ಡಬ್ಬಿ, ಎರಡು ಕಟ್ಟಡಗಳ ನಡುವಿನ ಸಂದಿಯಲ್ಲಿ ಒಂದು ದೇವರು. ಇಂಥ ಊರಿನಲ್ಲಿ ಒಬ್ಬ ಹೆಂಗಸು ಏನೂ ಇಡದೆ, ಯಾರಿಗೂ ಇಡಲು ಬಿಡದೆ, ಅಷ್ಟಗಲ ಬಿಳಿಯನ್ನು ಉಳಿಸಿಕೊಂಡಳು.

ಕಂಪ್ಯೂಟರಿನವರಿಗೂ ಇಂಥದೊಂದು ಪದ್ಧತಿ ಇದೆ, ಗೊತ್ತೇ? ಡ್ರೈವುಗಳ ಹೆಸರು ಸಿ ಯಿಂದ ಯಾಕೆ ಶುರುವಾಗುತ್ತದೆ, ಎ ಮತ್ತು ಬಿ ಎಲ್ಲಿ ಹೋದವು ಎಂದು ನಾನು ಒಮ್ಮೆ ತಲೆ ಕೆಡಿಸಿಕೊಂಡಿದ್ದೆ. ಹಿಂದೆ ಫ್ಲಾಪಿ ಎಂಬ ತೆಳ್ಳನೆಯ ಬಿಲ್ಲೆಗಳಿದ್ದವಲ್ಲ, ಆ ಎರಡು ಹೆಸರುಗಳು ಅವಕ್ಕೆ ಮೀಸಲು. ಫ್ಲಾಪಿಗಳು ಲೋಕ ಬಿಟ್ಟು ಎಷ್ಟೋ ಕಾಲವಾಯಿತು. ಆದರೂ ಹೊಸದಾಗಿ ಬಂದ ಡ್ರೈವಿಗೆ ಕಂಪ್ಯೂಟರು ತಾನಾಗಿ ಆ ಹೆಸರು ಇಡುವುದಿಲ್ಲ. ಹೋದವರ ಎಲೆ ಹಾಕಿ, ಅವರ ಜಾಗ ಬಿಟ್ಟು, ಆಮೇಲೆ ಉಳಿದವರನ್ನು ಕೂರಿಸುತ್ತದೆ. ಇದನ್ನು ಓದಿದ ದಿನ ನನಗೆ ಆ ಯಂತ್ರದ ಮೇಲೆ ಗೌರವ ಬಂತು. ನನ್ನನ್ನು ಹುಚ್ಚ ಎನ್ನುವವರು ಅದನ್ನೂ ಅನ್ನಲಿ ಎಂದು ಧೈರ್ಯವೂ ಬಂತು.

ಈಗ ನಮ್ಮ ಮನೆಯಲ್ಲಿ ಜಾಗಕ್ಕೆ ಬರವಿಲ್ಲ. ಅಮ್ಮ ಹೋದರು, ಮೇಧಾ ಮದುವೆಯಾಗಿ ಠಾಣೆಗೆ ಹೋದಳು, ವನಮಾಲಾ ಹೋದಳು. ಅಲಮಾರಿನ ಮೇಲಿನದೂ ಖಾಲಿ, ಕಿಟಕಿಯ ಪಕ್ಕದ ಮೇಜೂ ಖಾಲಿ. ಹಾಸಿಗೆಯಲ್ಲಿ ಯಾವ ಕಡೆ ಉರುಳಿದರೂ ಏನೂ ತಾಗುವುದಿಲ್ಲ. ಅವಳು ಬೇಕು ಬೇಕು ಎಂದು ಜೀವಮಾನವಿಡೀ ಆಸೆಪಟ್ಟದ್ದು ಈಗ ನನಗೆ ಸಿಕ್ಕಿದೆ, ನನಗೋ ಅದು ಬೇಕಿಲ್ಲ. ಇಡೀ ಮನೆಯಲ್ಲಿ ಇಕ್ಕಟ್ಟಾಗಿರುವುದು ಸಿ ಡ್ರೈವೊಂದೇ.

ಮೊದಲು ನನ್ನದನ್ನೆಲ್ಲ ಗುಡಿಸಿ ನೋಡಿದೆ. ಶುಭೋದಯದ ಹೂವುಗಳನ್ನು ಎಸೆದೆ, ಓದದ ಪುಸ್ತಕಗಳನ್ನು ಎಸೆದೆ, ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಎರಡು ದಿನ ಕಂಪ್ಯೂಟರು ಸುಮ್ಮನಿತ್ತು. ಮೂರನೆಯ ದಿನ ತಾನೇ ಏನೋ ಹೊಸತನ್ನು ತರಿಸಿಕೊಂಡು ತಿಂದು ಮತ್ತೆ ಚೀಟಿ ಎಬ್ಬಿಸಿತು. ಫೋನಿನಲ್ಲಿ ಮೇಧಾಳಿಗೆ ಹೇಳಿದೆ. ನನ್ನ ಮಗಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಬಾಯಿಗೆ ಮಾತ್ರ ಬಾಂದ್ರಾ ಸುತ್ತಿ, ಹಿಂದಿ ಮೆತ್ತಿಕೊಂಡು ಬರುತ್ತದೆ.

"ಅಪ್ಪಾ, ತುಮ್ ಭೀ ನಾ! ಡಿ ಫುಲ್ ಖಾಲಿ ಇದೆ ನಾ. ಡಿಲೀಟ್ ಮಾಡು, ಸಿ ದೊಡ್ಡದು ಮಾಡು, ಖತಮ್."

ಖತಮ್ ಎಂದರೆ ಖತಮ್ ಆಗುವ ವಿಷಯವೇ ಇದು? ಡಿ ಯನ್ನು ಅಳಿಸುವ ಮೊದಲು ಅದರಲ್ಲಿರುವುದನ್ನು ಪೆನ್ ಡ್ರೈವಿಗೆ ತೆಗೆದಿಟ್ಟುಕೋ ಎಂದೂ ಅವಳು ಹೇಳಿದಳು. ತೆಗೆಯಲು ಹೋದೆ. ಮಹಾಬಳೇಶ್ವರದ ಕೆಲವು ಫೋಟೊಗಳು, ಯಾರಿಂದಲೋ ಬರೆಸಿಕೊಂಡ ಮಸಾಲೆಪುಡಿಯ ಅಳತೆ, ಹೆಸರೂ ಇಡದ ಮೂರು ಫೋಲ್ಡರುಗಳು. ಮೂರನ್ನೂ ತೆರೆದೆ, ಮೂರರಲ್ಲೂ ಏನಿಲ್ಲ. ಎಲ್ಲವೂ ಕಣ್ಣು ಮಿಟುಕಿಸುವುದರೊಳಗೆ ಪೆನ್ ಡ್ರೈವಿಗೆ ಬಂದವು. ಅವಳ ಖಾಲಿ ಜಾಗ ಮಾತ್ರ ಬರಲಿಲ್ಲ. ಇದ್ದದ್ದನ್ನೆಲ್ಲ ನಕಲು ಮಾಡುವ ಈ ಯಂತ್ರಕ್ಕೆ, ಅವಳು ನಿಜವಾಗಿ ಉಳಿಸಿ ಹೋದದ್ದನ್ನು ನಕಲು ಮಾಡಲು ಬರುವುದಿಲ್ಲ. ನನಗೆ ಆಗ ಅಳು ಬಂತು. ಬಂದರೆ ಬಂತು, ನೋಡುವವರು ಯಾರಿದ್ದರು.

ಅಳಿಸುವುದು ಬೇಡ, ಸ್ವಲ್ಪ ಕುಗ್ಗಿಸೋಣ ಎಂದುಕೊಂಡೆ. ಡಿ ಯನ್ನು ಕುಗ್ಗಿಸಿ, ಉಳಿದ ಜಾಗವನ್ನು ಸಿ ಗೆ ಕೊಡಬಹುದೆಂದು ಇಂಟರ್‌ನೆಟ್ಟಿನಲ್ಲಿ ಬರೆದಿತ್ತು. ಶನಿವಾರ ಮಧ್ಯಾಹ್ನ ಸ್ನಾನ ಊಟ ಮುಗಿಸಿ, ಯಾವುದೋ ವ್ರತಕ್ಕೆ ಕೂತವನ ಹಾಗೆ ಕೂತೆ. ನಕ್ಷೆ ಬರೆದ ಕೈ, ಅಳತೆ ತಪ್ಪುವುದುಂಟೆ? ಡಿ ಅರ್ಧಕ್ಕೆ ಕುಗ್ಗಿತು. ಬಿಟ್ಟ ಜಾಗ ಪರದೆಯ ಮೇಲೆ ಕಪ್ಪಗೆ, ಯಾರದೂ ಅಲ್ಲದ್ದು ಎಂಬ ಹೆಸರಿನಲ್ಲಿ ಕಾಣಿಸಿತು. ಸರಿ, ಸಿ ಯ ಮೇಲೆ ಒತ್ತಿ 'ವಿಸ್ತರಿಸು' ಎನ್ನೋಣ ಎಂದರೆ ಆ ಮಾತು ಮಂಕಾಗಿ ಕೂತಿದೆ, ಒತ್ತಿದರೆ ಒತ್ತಿಸಿಕೊಳ್ಳುವುದಿಲ್ಲ. ನೋಡುತ್ತೇನೆ, ಕಪ್ಪು ಜಾಗ ಬಿದ್ದಿರುವುದು ಡಿ ಯ ಆಚೆ ಕಡೆ! ಈ ಕಡೆ ಸಿ, ನಡುವೆ ಡಿ, ಆ ಕಡೆ ಜಾಗ. ತನ್ನ ಗೋಡೆಗೆ ಅಂಟಿಕೊಂಡ ಜಾಗವನ್ನಲ್ಲದೆ ಬೇರೆಯದನ್ನು ಸಿ ಮುಟ್ಟಲಾರದಂತೆ.

ಇದು ಬೇರೆಯವರಿಗೆ ಅರ್ಥವಾಗಲು ಪುಸ್ತಕ ಬೇಕು, ಚಾಳಿನಲ್ಲಿ ಬೆಳೆದವರಿಗೆ ಬೇಡ. ಪರೇಲಿನಲ್ಲಿ ನಮ್ಮ ಪಕ್ಕದ ಪಕ್ಕದ ಖೋಲಿ ಒಮ್ಮೆ ಖಾಲಿಯಾಯಿತು. ಅಪ್ಪ ಅದನ್ನು ಹಿಡಿದರು. ನಡುವಿನ ಖೋಲಿಯಲ್ಲಿ ಸಾವಂತ್ ಎಂಬವರ ಸಂಸಾರ. ಚಿಕ್ಕಪ್ಪ ಆ ಕಡೆ ಮಲಗುವುದು, ಅಡುಗೆ ಈ ಕಡೆ. ಅಮ್ಮ ಸಾರಿನ ಪಾತ್ರೆ ಹಿಡಿದು ಗ್ಯಾಲರಿಯಲ್ಲಿ ಹೊರಟರೆ ಸಾವಂತ್ ಬಾಯಿ ಬಾಗಿಲಲ್ಲೇ ತಡೆದು, ಇವತ್ತೇನು ಮಾಡಿದ್ದೀರಿ ಎಂದು ರುಚಿ ನೋಡುತ್ತಿದ್ದರು. ಅವರ ಮಕ್ಕಳೂ ನೋಡುತ್ತಿದ್ದರು. ಚಿಕ್ಕಪ್ಪನಿಗೆ ತಲುಪುವಾಗ ಪಾತ್ರೆಯ ತಳ ಕಾಣುತ್ತಿತ್ತು. ಎರಡು ಖೋಲಿಗಳಿದ್ದೂ ನಮ್ಮ ಮನೆ ದೊಡ್ಡದಾಯಿತು ಎಂದು ನಮಗೆ ಒಂದು ದಿನವೂ ಅನ್ನಿಸಲಿಲ್ಲ.

ಭಾನುವಾರ ಮೇಧಾ ಠಾಣೆಯಿಂದ ಬಂದಳು. ಪರದೆ ನೋಡಿ ಹಣೆ ಚಚ್ಚಿಕೊಂಡಳು. "ಅಪ್ಪಾ, ಅದಕ್ಕೇ ಡಿಲೀಟ್ ಅಂದಿದ್ದು. ಡಿ ಬೀಚ್ ಮೆ ಹೈ ನಾ."

ನಡುವೆ ಇರುವುದು ನಿನ್ನ ಅಮ್ಮ ಕಣೇ, ಎಂದೆ. ಆ ಬಿಳಿ ಪಟ್ಟಿಯ ಮುಂದೆ ಅವಳು ಚಹಾ ಕುಡಿಯುತ್ತಿದ್ದುದನ್ನು ಹೇಳಿದೆ. ಎಲ್ಲವನ್ನೂ ನಾವು ತೆಗೆದುಕೊಂಡೆವು, ಇದೊಂದು ಅವಳಿಗಿರಲಿ ಎಂದೆ. ಮೇಧಾ ಮೌಸಿನಿಂದ ಕೈ ತೆಗೆದಳು. ಕೆಳಗೆ ಸೊಸೈಟಿಯ ಮಕ್ಕಳು ಕ್ರಿಕೆಟ್ ಆಡುತ್ತ ಯಾರದೋ ಕಾರಿಗೆ ಚೆಂಡು ಹೊಡೆದು ಗಲಾಟೆ ಮಾಡುತ್ತಿದ್ದರು.

ಆಮೇಲೆ ಅವಳು ನನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳಿದಳು. ಚಿಕ್ಕವಳಿದ್ದಾಗ ರಜೆಯಲ್ಲಿ ಅಮ್ಮನ ಜೊತೆ ಪರೇಲಿನ ಕಚೇರಿಗೆ ಹೋಗುತ್ತಿದ್ದಳಲ್ಲ, ಲೇಡೀಸ್ ಡಬ್ಬಿಯಲ್ಲಿ. ಲೋಕಲ್ಲಿನ ಬೆಂಚು ಮೂವರಿಗೆ. ನಾಲ್ಕನೆಯವರು ಬಂದು ನಿಂತು 'ಥೋಡಾ ಸರ್ಕೋ' ಎಂದರೆ ಮೂವರೂ ಒತ್ತಿಕೊಂಡು ಅರ್ಧ ಕುಂಡೆಗೆ ಜಾಗ ಮಾಡಿಕೊಡುವುದು ಈ ಊರಿನ ಧರ್ಮ. ಹೆಚ್ಚಿನವರು ಕೇಳಿದ ಮೇಲೆ ಸರಿಯುತ್ತಾರೆ, ಕೆಲವರು ಕೇಳಿಸದವರ ಹಾಗೆ ಕಿಟಕಿಯಾಚೆ ನೋಡುತ್ತಾರೆ.

"ಅಮ್ಮಾ ಕೇಳೋದಕ್ಕೆ ಮೊದಲೇ ಸರೀತಿದ್ಲು ಅಪ್ಪಾ. ಕಿಸೀ ಕೋ ಬೋಲ್ನಾ ನಹೀ ಪಡ್ತಾ ಥಾ. ಔರ್ ಸರ್ಕ್ ಕೇ ಏನೋ ಒಂದು ಡೈಲಾಗ್ ಹೊಡೀತಿದ್ಲು, ಮರಾಠಿ ಆಂಟೀಸ್ ಕೂಡ ನಗ್ತಿದ್ರು." ನಂತರ ತಡೆದು ತಡೆದು, "ಡಿಲೀಟ್ ಬೇಡ. ಸರಿಸೋಣ. ಅಮ್ಮನ್ನ ಸ್ವಲ್ಪ ಆ ಕಡೆ ಸರಿಸೋಣ, ಬಸ್" ಎಂದಳು.

ಡ್ರೈವನ್ನು ಇದ್ದದ್ದು ಇದ್ದ ಹಾಗೇ ಪಕ್ಕಕ್ಕೆ ಸರಿಸುವ ಒಂದು ತಂತ್ರಾಂಶ ಇದೆಯಂತೆ. ಅವಳ ಪೆನ್ ಡ್ರೈವಿನಲ್ಲಿ ಅದು ಇದ್ದೇ ಇತ್ತು. ಕಪ್ಪು ಜಾಗದ ಹೆಚ್ಚು ಪಾಲನ್ನು ನಾನು ಡಿ ಗೇ ವಾಪಸು ಕೊಡಿಸಿದೆ; ನಾಲ್ಕನೆಯ ಸೀಟಿನಷ್ಟು ಮಾತ್ರ ಇಟ್ಟುಕೊಂಡೆ. ಡಿ ಎಂಬ ಆ ಪೆಟ್ಟಿಗೆಯನ್ನು ಮೌಸಿನಿಂದ ಹಿಡಿದು ಬಲಕ್ಕೆ ಎಳೆಯಬೇಕು. ನೀನೇ ಮಾಡಪ್ಪಾ ಎಂದು ಮೇಧಾ ಎದ್ದು ಕುರ್ಚಿ ಬಿಟ್ಟುಕೊಟ್ಟಳು.

ಹಿಡಿದೆ. ಆಗ ನನಗೊಂದು ಯೋಚನೆ ಬಂತು. ವನಮಾಲಾ ಆ ಕಡೆಯ ಗಾಡಿ, ನಾನು ಈ ಕಡೆಯದು. ಜೊತೆಗೆ ಹೊರಟ ದಿನವೂ ಗರ್ದಿಗೆ ಹೆದರಿ ಅವಳು ಲೇಡೀಸ್ ಡಬ್ಬಿ, ನಾನು ಜನರಲ್ಲು. ಇಷ್ಟು ವರ್ಷದಲ್ಲಿ ಲೋಕಲ್ಲಿನ ಒಂದು ಬೆಂಚಿನ ಮೇಲೆ ನಾವಿಬ್ಬರೂ ಪಕ್ಕಪಕ್ಕ ಕೂತಿರಲಿಲ್ಲ. ಗುರುತು ಪರಿಚಯವಿಲ್ಲದವರನ್ನೆಲ್ಲ ಸರಿಯಿರಿ ಎಂದು ಕೇಳಿದ್ದೇನೆ, ಇವಳನ್ನು ಕೇಳಿಯೇ ಇಲ್ಲ. ಸ್ವಲ್ಪ ಸರಿ, ವನಾ, ಎಂದು ಎಳೆದೆ.

ಸರಿದಳು. ಕಂಪ್ಯೂಟರು ಒಮ್ಮೆ ಆರಿ ಹೊತ್ತಿತು. ಒಂದು ಗೆರೆ ಎಡದಿಂದ ಬಲಕ್ಕೆ ನಿಧಾನವಾಗಿ ತುಂಬಿಕೊಳ್ಳುತ್ತ ಹೋಯಿತು. ನಾವು ಚಹಾ ಮಾಡಿಕೊಂಡು ಕುಡಿದೆವು. ಮುಗಿದಾಗ ಸಿ ಗೆ ಉಸಿರಾಡುವಷ್ಟು ಜಾಗ ಬಂದಿತ್ತು. ಡಿ ಯಲ್ಲಿ ಫೋಟೊಗಳು, ಮಸಾಲೆಪುಡಿ, ಹೆಸರಿಲ್ಲದ ಮೂರು ಫೋಲ್ಡರುಗಳು, ಪಕ್ಕದಲ್ಲಿ ಉದ್ದನೆಯ ಬಿಳಿ, ಎಲ್ಲ ಕ್ಷೇಮವಾಗಿದ್ದವು. ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಇಷ್ಟು ಸುಲಭವಾಗಿ ಸರಿದವಳು ನನ್ನ ಹೆಂಡತಿಯೇ ಅಲ್ಲ ಅನ್ನಿಸಿತು. ಒಂದು ಮಾತು ಅನ್ನದೆ ಅವಳು ನನಗೆ ಯಾವತ್ತು ಜಾಗ ಬಿಟ್ಟಿದ್ದಳು? ಪರದೆ ನೋಡುತ್ತಲೇ, ಏನಾದರೂ ಅನ್ನಬಾರದೇನೇ ಎಂದುಬಿಟ್ಟೆ, ಗಟ್ಟಿಯಾಗಿಯೇ.

ಯಾರಿಗೆ ಹೇಳಿದೆ ಎಂದು ಮೇಧಾ ಕೇಳಲಿಲ್ಲ. ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೊರಟವಳು ಬಾಗಿಲಲ್ಲಿ ನಿಂತಳು. ಸೊಂಟಕ್ಕೆ ಕೈ ಕೊಟ್ಟುಕೊಂಡು, ಒಂದು ವಾಕ್ಯ ಕನ್ನಡವನ್ನು ನೆಟ್ಟಗೆ ಮುಗಿಸಲಾರದ ನನ್ನ ಮಗಳು, ಒಂದು ಕಡೆಯೂ ತಡವರಿಸದೆ, ಧಾರವಾಡದ ರಾಗದಲ್ಲಿ ಅಂದಳು:

"ಸಾಕಾತೇನ್ರಿ, ಇನ್ನೂ ಬೇಕೇನು?"

ಸಾಕು ಎಂದೆ. ಸಾಕಾಗಿರಲಿಲ್ಲ.